ಲ್ಯಾಬ್ ಮೇಷ್ಟ್ರ ಎಡಗೈ ತೋರುಬೆರಳು

ಇಷ್ಟಕ್ಕೆಲ್ಲ ಕಾರಣ ಒಂದು ಬಾಟಲಿಯ ಮುಚ್ಚಳ. ಅದು ಅರ್ಧ ಸುತ್ತು ಸಡಿಲವಾಗಿತ್ತು, ಅಷ್ಟೆ.

ಬಾಟಲಿಯಲ್ಲಿ ಇದ್ದದ್ದು ಓಟಿನ ಶಾಯಿ. ಕಟ್ಟಡದ ನಿವಾಸಿಗಳ ಸಂಘದ ಚುನಾವಣೆಗೆಂದು ಲ್ಯಾಬ್ ಮೇಷ್ಟ್ರು ಅದನ್ನು ಕೈಯಾರೆ ತಯಾರಿಸಿದ್ದರು. ಕಾಲೇಜಿನಲ್ಲಿ ಅವರು ಹುಡುಗರಿಗೆ ರಸಾಯನಶಾಸ್ತ್ರದ ಪ್ರಯೋಗ ಮಾಡಿಸುವವರು. ಹಿಂದಿನ ಚುನಾವಣೆಯಲ್ಲಿ ಕಟ್ಟಡದ ಜನಕ್ಕಿಂತ ಡಬ್ಬಿಯೊಳಗಿನ ಓಟುಗಳೇ ಹೆಚ್ಚಾಗಿ, ಒಬ್ಬರ ಸಹಿ ಇನ್ನೊಬ್ಬರು ಹಾಕಿದರೆಂದು ಮೆಟ್ಟಿಲ ಮೇಲೆ ಕೈ ಕೈ ಮಿಲಾಯಿಸಿದ್ದಾಗ, ಸಭೆಯಲ್ಲಿ ಎದ್ದು ನಿಂತವರು ಇದೇ ಮೇಷ್ಟ್ರು.

"ಸಹಿಗಿಹಿ ಎಲ್ಲ ಬಿಟ್ಟಾಕಿ. ಬೆರಳಿಗೆ ಸಿಲ್ವರ್ ನೈಟ್ರೇಟ್ ಹಚ್ಚೋಣ. ಹಚ್ಚುವಾಗ ನೀರಿನ ಹಾಗಿರುತ್ತೆ, ಬಿಸಿಲು ತಾಗಿದ್ರೆ ಕಪ್ಪಗಾಗುತ್ತೆ. ಆಮೇಲೆ ಯಾರಪ್ಪ ಬಂದ್ರೂ ಅಳಿಸೋಕಾಗಲ್ಲ!" ಎಂದಿದ್ದರು.

ಭಾರಿ ಚಪ್ಪಾಳೆ ಬಿತ್ತು. ಮೇಷ್ಟ್ರಿಗೆ ಮನೆಯಲ್ಲೂ ಕಾಲೇಜಿನಲ್ಲೂ ಚಪ್ಪಾಳೆ ಎಂದರೇನೆಂದೇ ಗೊತ್ತಿರಲಿಲ್ಲ. ಅದರ ಅಮಲಿನಲ್ಲಿ ಅಲ್ಲೇ ಎರಡು ನಿಯಮಗಳನ್ನೂ ಹೇಳಿಬಿಟ್ಟರು. ಬೆರಳಿನಲ್ಲಿ ಗುರುತು ಇರುವವರಿಗೆ ಚೀಟಿ ಕೊಡಕೂಡದು. ಓಟು ಹಾಕಿಯೂ ಗುರುತು ತೋರಿಸಲಾಗದವರ ಓಟು ಲೆಕ್ಕಕ್ಕಿಲ್ಲ. ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಕೆಳಗಿನ ಹಜಾರದ ಗೋಡೆಗೆ ಅಂಟಿಸಿದವರೂ ಅವರೇ.

ಚುನಾವಣೆಯ ಭಾನುವಾರ ಬೆಳಿಗ್ಗೆ ಶಾಯಿ ಬಾಟಲಿಯನ್ನು ಹಜಾರದ ಓಟಿನ ಟೇಬಲ್ಲಿಗೆ ಒಪ್ಪಿಸಿ ಹಾಲು ತರಲು ಹೋದರು. ಎಡಗೈಯ ತೋರುಬೆರಳು ಸ್ವಲ್ಪ ಒದ್ದೆಯಾಗಿದೆ ಅನ್ನಿಸಿತು. ಹಾಲಿನ ಪೊಟ್ಟಣದ ನೀರಿರಬೇಕೆಂದು ಪ್ಯಾಂಟಿಗೆ ಒರೆಸಿಕೊಂಡರು. ಬಿಸಿಲು ಚೆನ್ನಾಗಿತ್ತು. ಮನೆ ಬಾಗಿಲು ತಟ್ಟುವ ಹೊತ್ತಿಗೆ ಉಗುರಿನಿಂದ ಎರಡನೆಯ ಗೆಣ್ಣಿನವರೆಗೆ ಬೆರಳು ಸುಟ್ಟ ಬದನೆಕಾಯಿಯ ಹಾಗೆ ಕಪ್ಪಗಾಗಿತ್ತು.

ಬಾಗಿಲು ತೆಗೆದ ಹೆಂಡತಿ ಮೊದಲು ನೋಡಿದ್ದು ಬೆರಳನ್ನೇ.

"ಆಗಲೇ ಹಾಕಿಬಿಟ್ರಾ? ನಂಗೇ ತಾನೆ?"

ಹೆಂಡತಿಯೇ ಈ ಸಲದ ಅಭ್ಯರ್ಥಿ. ಎದುರಾಳಿ ಹಾಲಿ ಅಧ್ಯಕ್ಷರು, ಬಸ್ ಡಿಪೋದಿಂದ ನಿವೃತ್ತರಾಗಿ ಬಂದವರು, ಎಲ್ಲರ ಬಾಯಲ್ಲೂ ಡಿಪೋ ಸಾಹೇಬರು. ಅವರ ಕಾಲದಲ್ಲಿ ಕಟ್ಟಡದಲ್ಲಿ ಆದ ಕೆಲಸವೆಂದರೆ ಯಾವುದೂ ಇಲ್ಲ. ಅದೇ ಅವರ ದೊಡ್ಡ ಗುಣ ಎಂದು ಮೇಷ್ಟ್ರಿಗೆ ಒಳಗೊಳಗೇ ಅನ್ನಿಸುತ್ತಿತ್ತು. ಯಾಕೆಂದರೆ ಹೆಂಡತಿ ಮನೆಮನೆಗೂ ಹೋಗಿ ಕೊಟ್ಟಿದ್ದ ಭರವಸೆ ಬೇರೆಯೇ ತರದ್ದು: "ಮಾಳಿಗೆ ಮೇಲಿನ ಟ್ಯಾಂಕಿನ ನೀರು ನಾರುತ್ತೆ ತಾನೆ? ನಾನು ಗೆದ್ರೆ ಪ್ರತಿ ಭಾನುವಾರ ನಮ್ಮ ಯಜಮಾನ್ರೇ ಒಳಗಿಳಿದು ಉಜ್ಜಿ, ಲೆಕ್ಕ ಹಾಕಿ ಬ್ಲೀಚಿಂಗ್ ಪೌಡರ್ ಹಾಕ್ತಾರೆ. ಕೆಮಿಸ್ಟ್ರಿ ಓದಿದೋರು, ಪುಕ್ಕಟೆ!"

ಮೇಷ್ಟ್ರಿಗೆ ಜೀವನದಲ್ಲಿ ಸ್ವಂತದ್ದು ಅಂತ ಇದ್ದದ್ದು ಭಾನುವಾರ ಒಂದೇ. ಮುಖದ ಮೇಲೆ ಪೇಪರು ಮುಚ್ಚಿಕೊಂಡು ಮಧ್ಯಾಹ್ನದವರೆಗೆ ಬಿದ್ದುಕೊಳ್ಳುವ ಆ ಸುಖವನ್ನು ಹೆಂಡತಿ ಊರಿಗೆಲ್ಲ ಹಂಚಿಬಿಟ್ಟಿದ್ದಳು. ಆ ಭರವಸೆ ಕಿವಿಗೆ ಬಿದ್ದ ದಿನದಿಂದ ಅವರಿಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ.

"ಇನ್ನೂ ಹಾಕಿಲ್ಲ ಕಣೆ. ಇದು ಮುಚ್ಚಳದಿಂದ ಸೋರಿದ್ದು," ಎಂದರು.

ಹೆಂಡತಿ ಹಾಲಿನ ಪೊಟ್ಟಣ ಕಿತ್ತುಕೊಂಡಳು. "ಕೂಡಿ ಕಳೆದು ಲೆಕ್ಕ ಹಾಕಿದೀನಿ, ನಿಮ್ಮ ಒಂದು ಓಟಿನ ಮೇಲೆ ನಿಂತಿದೆ ನನ್ನ ಗೆಲುವು. ಮೊದಲು ಹೋಗಿ ಹಾಕಿ ಬನ್ನಿ!"

ಹಜಾರದಲ್ಲಿ ಟೇಬಲ್ಲಿನ ಹಿಂದೆ ಕೂತಿದ್ದವನು ಕೆಳಗಿನ ಅಂಗಡಿಯ ಟೈಲರ್. ಯಾವ ಪಕ್ಷಕ್ಕೂ ಸೇರದವನೆಂದು ಅವನನ್ನು ಚುನಾವಣಾಧಿಕಾರಿ ಮಾಡಿದ್ದರು. ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು. ಮೇಷ್ಟ್ರ ಬೆರಳು ಹಿಡಿದು, ತಿರುಗಿಸಿ ನೋಡಿ, ಮೆಲ್ಲಗೆ ವಾಪಸು ಕೊಟ್ಟ.

"ಒಂದ್ಸಲ ಆಯ್ತಲ್ಲ ಸಾರ್."

"ಅಯ್ಯೋ, ಅದು ಮುಚ್ಚಳ..."

"ಮುಚ್ಚಳ ಯಾಕೆ ಓಟು ಹಾಕುತ್ತೆ ಮೇಷ್ಟ್ರೇ?" ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಡಿಪೋ ಸಾಹೇಬರು ಗೋಡೆಯತ್ತ ಬೆರಳು ತೋರಿಸಿದರು. "ನಿಯಮ ನಂದಲ್ಲ, ನಿಮ್ದೇ. ದಪ್ಪ ಅಕ್ಷರದಲ್ಲಿ ಬೇರೆ ಬರೆದಿದೀರಿ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಮೇಷ್ಟ್ರು ಮೆಟ್ಟಿಲು ಹತ್ತಿ ವಾಪಸು ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಅಳಿಸಿಕೊಂಡು ಹೋಗಿ!"

"ಅದು ಅಳಿಸೋಕಾಗದ ಶಾಯಿ. ನಾನೇ ಹೇಳಿದೀನಿ."

"ಮಾಡೋಕೆ ಬಂದವರಿಗೆ ಅಳಿಸೋಕೆ ಬರಲ್ವಾ? ಏನು ಓದಿದ್ರಿ ಮತ್ತೆ ಅಷ್ಟು ವರ್ಷ?"

ಗಂಡ ಹೆಂಡಿರ ಮಾತು ಮೆಟ್ಟಿಲಿಗೆ ಕೇಳಿತೆಂದರೆ ಕಟ್ಟಡಕ್ಕೇ ಕೇಳಿತೆಂದು ಲೆಕ್ಕ. ಕ್ಷಣದಲ್ಲಿ ಮೇಷ್ಟ್ರ ಬೆರಳು ಸಾರ್ವಜನಿಕ ಆಸ್ತಿಯಾಯಿತು. ಎದುರು ಮನೆಯವರು ನಿಂಬೆಹಣ್ಣು ಹಿಡಿದು ಬಂದರು. ಪಕ್ಕದ ಮನೆಯ ಅಜ್ಜಿ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿದರು. ಯಾರೋ ಟೂತ್‌ಪೇಸ್ಟ್ ಬಳಿದರು, ಇನ್ಯಾರೋ ಪಾತ್ರೆ ಉಜ್ಜುವ ನಾರು ತಂದು ಚರ್ಮವನ್ನೇ ಸುಲಿಯಲು ನಿಂತರು. ಬೆರಳು ಕೆಂಪಾಯಿತು, ಉರಿಯಿತು, ಕಪ್ಪು ಮಾತ್ರ ಜಗ್ಗಲಿಲ್ಲ. ತಮ್ಮ ಶಾಯಿಯ ಗಟ್ಟಿತನ ಕಂಡು ಮೇಷ್ಟ್ರಿಗೆ ಒಂಚೂರು ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಮೂರನೇ ಮಹಡಿಯವರು ಒಂದು ಕೈಯಲ್ಲಿ ಬ್ಲೀಚಿಂಗ್ ಪೌಡರ್, ಇನ್ನೊಂದು ಕೈಯಲ್ಲಿ ಕಕ್ಕಸು ತೊಳೆಯುವ ಆಸಿಡ್ ಹಿಡಿದು ಇಳಿದು ಬಂದರು.

"ಎರಡನ್ನೂ ಒಂದು ಬಕೆಟ್ಟಲ್ಲಿ ಕಲಸಿ ಕೈ ಅದ್ದಿ ಮೇಷ್ಟ್ರೇ, ಒಂದೇ ಏಟಿಗೆ..."

"ಬೇಡ!" ಮೇಷ್ಟ್ರು ಕಿರುಚಿಕೊಂಡರು. "ಅವೆರಡೂ ಸೇರಿದ್ರೆ ಕ್ಲೋರಿನ್ ಅನಿಲ ಬರುತ್ತೆ! ಓಟು ಹಾಕೋಕೆ ಕಟ್ಟಡದಲ್ಲಿ ಒಬ್ಬರೂ ಉಳಿಯಲ್ಲ!"

ಮೂರನೇ ಮಹಡಿಯವರು ಹೆದರಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ಚಾಚಿಕೊಂಡು ಮೇಲೆ ಹತ್ತಿದರು.

ನಿಜ ಹೇಳಬೇಕೆಂದರೆ ಈ ಶಾಯಿಗೂ ಮದ್ದಿತ್ತು. ಅದು ಮೇಷ್ಟ್ರಿಗೆ ಗೊತ್ತಿತ್ತು. ಸಭೆಯಲ್ಲಿ ಚಪ್ಪಾಳೆ ಬಿದ್ದ ಮೇಲೆ ಹೇಳುವ ಮನಸ್ಸು ಬಂದಿರಲಿಲ್ಲ, ಅಷ್ಟೆ. ಕಪ್ಪಿನ ಮೇಲೆ ಅಯೋಡಿನ್ ಹಚ್ಚಿದರೆ ಅದು ಹಳದಿಗೆ ತಿರುಗುತ್ತದೆ. ಆ ಹಳದಿಯನ್ನು ಫೋಟೋ ತೊಳೆಯಲು ಬಳಸುವ ಹೈಪೋ ಉಪ್ಪು ಕರಗಿಸಿಬಿಡುತ್ತದೆ. ಕೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅವರು ಮೇಲಿನ ಮನೆಯ ನರ್ಸಮ್ಮನ ಬಾಗಿಲು ತಟ್ಟಿ, ಗಾಯವಾಗಿದೆ ಎಂದು ಸುಳ್ಳು ಹೇಳಿ ಟಿಂಚರ್ ಅಯೋಡಿನ್ ಪಡೆದರು. ಗಾಯ ತೋರಿಸಿ ಎಂದು ನರ್ಸಮ್ಮ ಬೆನ್ನಿಗೆ ಬಿದ್ದಾಗ ಎರಡೆರಡು ಮೆಟ್ಟಿಲು ಹಾರಿ ತಪ್ಪಿಸಿಕೊಂಡರು. ಅಲ್ಲಿಂದ ರಸ್ತೆ ತಿರುವಿನ ಹಳೆಯ ಫೋಟೋ ಸ್ಟುಡಿಯೋಗೆ ಓಡಿದರು. ಫಿಲ್ಮು ತೊಳೆಯುವ ಕಾಲ ಮುಗಿದು ಎಷ್ಟೋ ವರ್ಷವಾಗಿದ್ದರೂ ಸ್ಟುಡಿಯೋದ ಮುದುಕರು ಹೈಪೋ ಡಬ್ಬಿಯನ್ನು ಬಿಸಾಡಿರಲಿಲ್ಲ. ಆದರೆ ಅದನ್ನು ಹುಡುಕಿ ತೆಗೆಯುವ ಮೊದಲು ತಾವು ತೆಗೆದ ಮದುವೆ ಫೋಟೋಗಳ ಕತೆಯನ್ನೆಲ್ಲ ಹೇಳಿದರು. ಮೇಷ್ಟ್ರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಎಲ್ಲ ಮದುವೆಗಳನ್ನೂ ಮುಗಿಸಿ, ಹೈಪೋ ಪೊಟ್ಟಣ ಹಿಡಿದು ಮನೆಗೆ ಓಡಿಬಂದರು.

ಅಡಿಗೆಮನೆಯಲ್ಲಿ ನಿಂತು, ಹೂಜಿಯ ತಳದಲ್ಲಿದ್ದ ಕೊನೆಯ ಲೋಟ ನೀರಿನಲ್ಲಿ ಹೈಪೋ ಕದಡಿದರು. ಅಯೋಡಿನ್ ಹಚ್ಚಿ, ಹಳದಿಯಾದ ಬೆರಳನ್ನು ಲೋಟದೊಳಗೆ ಅದ್ದಿದರು. ಕಪ್ಪು ಸರಿದು ಹೋಯಿತು. ಬೆರಳು ಆಗ ತಾನೇ ಹುಟ್ಟಿದ ಮಗುವಿನದರಂತೆ ಹೊರಗೆ ಬಂತು. ಇನ್ನು ಚೆನ್ನಾಗಿ ತೊಳೆದುಬಿಟ್ಟರೆ ಆಯಿತು ಎಂದು ನಲ್ಲಿ ತಿರುಗಿಸಿದರೆ ಅದು ಒಮ್ಮೆ ಸೀನಿ ಸುಮ್ಮನಾಯಿತು. ಟ್ಯಾಂಕ್ ಖಾಲಿ.

"ರೀ! ಡಬ್ಬಿ ಮುಚ್ತಿದಾರೆ, ಬನ್ರೀ!" ಕೆಳಗಿನಿಂದ ಹೆಂಡತಿ ಕೂಗಿದಳು.

ಹೈಪೋ ಹಚ್ಚಿದ ಮೇಲೆ ನೀರಿನಲ್ಲಿ ತೊಳೆಯದೆ ಬಿಡಬೇಡಿ ಎಂದು ಮೇಷ್ಟ್ರು ವರ್ಷಾವರ್ಷ ಹುಡುಗರಿಗೆ ಹೇಳುತ್ತ ಬಂದವರು. ಈಗ ಅವರೇ ಟವೆಲ್ಲಿಗೆ ಒರೆಸಿಕೊಂಡು ಓಡಿದರು.

ಟೈಲರ್ ಬೆರಳನ್ನು ಹಿಡಿದು ಕಣ್ಣು ಕಿರಿದು ಮಾಡಿದ. "ಬೆಳಿಗ್ಗೆ ಕಪ್ಪಿತ್ತಲ್ಲ ಸಾರ್?"

"ಅದು ಶಾಯಿಯಾಗಿದ್ರೆ ಹೋಗ್ತಿತ್ತೇನಯ್ಯ? ನೀನೇ ಹೇಳು."

ಟೈಲರ್ ಯೋಚಿಸಿದ. "ಅದೂ ಸರಿಯೇ. ಯಾರಪ್ಪ ಬಂದ್ರೂ ಅಳಿಸೋಕಾಗಲ್ಲ ಅಂತ ನೀವೇ ಅಂದಿದ್ರಿ," ಎಂದು ಶಾಯಿ ಹಚ್ಚಿ ಚೀಟಿ ಕೊಟ್ಟ.

ಮೇಷ್ಟ್ರು ಪರದೆಯ ಹಿಂದೆ ಹೋದರು. ಗುಪ್ತ ಮತದಾನ, ಹಾಗಾಗಿ ನಾವೂ ಬೆನ್ನು ತಿರುಗಿಸಿ ನಿಲ್ಲುವುದು ಮರ್ಯಾದೆ. ಒಳಗೆ ಅವರು ಸ್ವಲ್ಪ ಹೊತ್ತೇ ತೆಗೆದುಕೊಂಡರು. ಹೊರಗೆ ಬಂದಾಗ ಹಣೆಯಲ್ಲಿ ಬೆವರಿತ್ತು. ಹೆಂಡತಿ ಸೆರಗಿನಿಂದಲೇ ಒರೆಸಿದಳು.

ಸಂಜೆ ಎಣಿಕೆ. ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೈಲರ್ ಚೀಟಿಗಳನ್ನು ಬಟ್ಟೆ ಮಡಿಸುವಂತೆ ನೀಟಾಗಿ ಎರಡು ಗುಡ್ಡೆ ಮಾಡಿ ಎದ್ದು ನಿಂತ.

"ಮೇಷ್ಟ್ರ ಮನೆಯವರಿಗೆ ಹದಿಮೂರು, ಡಿಪೋ ಸಾಹೇಬರಿಗೆ ಹನ್ನೆರಡು!"

ಹೆಂಡತಿ ಗಂಡನ ತೋಳು ಹಿಡಿದುಕೊಂಡಳು. ಮೇಷ್ಟ್ರು ನಗಲು ಹೋಗಿ ಕೆಮ್ಮಿದರು.

"ತಾಳಿ, ತಾಳಿ. ಎಲ್ಲರೂ ಬೆರಳು ಎತ್ತಿ," ಡಿಪೋ ಸಾಹೇಬರು ಎದ್ದರು. ಡಿಪೋದಲ್ಲಿ ಬಸ್ಸು ಎಣಿಸಿದ ಅಭ್ಯಾಸ. ಒಂದೊಂದೇ ಬೆರಳನ್ನು ಮುಟ್ಟಿ ಎಣಿಸುತ್ತ ಬಂದರು. ಮೇಷ್ಟ್ರ ಮುಂದೆ ನಿಂತುಬಿಟ್ಟರು. "ಚೀಟಿ ಇಪ್ಪತ್ತೈದು. ಕಪ್ಪು ಬೆರಳು ಇಪ್ಪತ್ನಾಲ್ಕು. ಎಲ್ಲಿ ಸ್ವಾಮಿ ನಿಮ್ಮ ಗುರುತು?"

ಮೇಷ್ಟ್ರು ನೋಡಿಕೊಂಡರು. ಬೆರಳು ಬಿಳುಚಿಕೊಂಡು ಅಮಾಯಕನಂತೆ ನಿಂತಿತ್ತು. ತೊಳೆಯದೆ ಉಳಿದ ಹೈಪೋ, ಟೈಲರ್ ಹಚ್ಚಿದ ಹೊಸ ಶಾಯಿಯನ್ನೂ ಕಪ್ಪಾಗಲು ಬಿಟ್ಟಿರಲಿಲ್ಲ. ಬೆಳಿಗ್ಗೆ ಓಟು ಹಾಕದೆ ಗುರುತಿತ್ತು, ಈಗ ಓಟು ಹಾಕಿ ಗುರುತಿಲ್ಲ. ಹೈಪೋ ವಿಷಯ ಬಾಯಿಬಿಟ್ಟರೆ ಅಳಿಸಲಾಗದ ಶಾಯಿಯ ಮಾನವೂ ಹೋಗುತ್ತದೆ, ಬೆಳಿಗ್ಗೆ ಒಮ್ಮೆ ಹಾಕಿ ಅಳಿಸಿಕೊಂಡು ಮತ್ತೆ ಹಾಕಿದ ಕಳ್ಳ ಎಂಬ ಹೆಸರೂ ಬರುತ್ತದೆ. ಅವರು ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು.

"ನಾನೇ ಹಚ್ಚಿದ್ದು ಸಾರ್, ದೇವರಾಣೆಗೂ," ಎಂದ ಟೈಲರ್.

"ಹಚ್ಚಿರಬಹುದಪ್ಪ. ಎರಡನೇ ನಿಯಮ ಓದು."

ಟೈಲರ್ ಓದಿದ. ಓಟು ಹಾಕಿಯೂ ಗುರುತು ತೋರಿಸಲಾಗದವರ ಓಟು ಲೆಕ್ಕಕ್ಕಿಲ್ಲ.

"ಸರಿ, ಒಂದು ಓಟು ತೆಗೀಬೇಕು," ಡಿಪೋ ಸಾಹೇಬರು ಗದ್ದ ಕೆರೆದುಕೊಂಡರು. "ಆದ್ರೆ ಯಾರ ಗುಡ್ಡೆಯಿಂದ ತೆಗೆಯೋದು? ಚೀಟಿ ಮೇಲೆ ಹೆಸರಿಲ್ಲವಲ್ಲ."

ಎಲ್ಲರೂ ಎರಡು ಗುಡ್ಡೆಗಳನ್ನೂ ನೋಡಿದರು. ಆಗ ಹೆಂಡತಿ ತಲೆ ಎತ್ತಿ ಮುಂದೆ ಬಂದಳು.

"ನನ್ನ ಗುಡ್ಡೆಯಿಂದ ತೆಗೀರಿ. ಸುಳ್ಳು ಹೇಳಿ ಗೆಲ್ಲೋಳಲ್ಲ ನಾನು. ನನ್ನ ಗಂಡ ನನಗಲ್ಲದೆ ಇನ್ಯಾರಿಗೆ ಹಾಕ್ತಾರೆ? ಬೆಳಿಗ್ಗೆಯಿಂದ ನನಗೋಸ್ಕರ ಬೆರಳು ಸುಲಿಸಿಕೊಂಡಿದಾರೆ ಪಾಪ!"

ಮೇಷ್ಟ್ರು ಒಂದೇ ಒಂದು ಮಾತು ಹೇಳಿದ್ದರೆ ಹೆಂಡತಿ ಗೆಲ್ಲುತ್ತಿದ್ದಳು: ಆ ಓಟು ಇರುವುದು ಇವಳ ಗುಡ್ಡೆಯಲ್ಲಲ್ಲ, ಡಿಪೋ ಸಾಹೇಬರದ್ದರಲ್ಲಿ. ಪರದೆಯ ಹಿಂದೆ ಮೇಷ್ಟ್ರು ತಮ್ಮ ಭಾನುವಾರವನ್ನು ನೆನೆದು, ಕಣ್ಣು ಮುಚ್ಚಿ, ಡಿಪೋ ಸಾಹೇಬರಿಗೆ ಗುರುತು ಒತ್ತಿ ಬಂದಿದ್ದರು. ಆ ಮಾತನ್ನು ಹೇಳಿ ಅದೇ ಮನೆಗೆ ಊಟಕ್ಕೆ ಹೋಗುವುದು ಹೇಗೆ? ನಾಚಿಕೆಯಿಂದ ಅವರಿಗೆ ನೆಲ ನೋಡುವುದೂ ಕಷ್ಟವಾಯಿತು.

ಹನ್ನೆರಡು, ಹನ್ನೆರಡು. ಸಮ ಬಂದರೆ ಹಾಲಿ ಅಧ್ಯಕ್ಷರೇ ಮುಂದುವರಿಯುವುದು ಸಂಘದ ಹಳೆಯ ಪದ್ಧತಿ. ಡಿಪೋ ಸಾಹೇಬರು ಹಾರ ಹಾಕಿಸಿಕೊಂಡು ಕುರ್ಚಿ ಹತ್ತಿ ನಿಂತರು.

"ಸೋತವರ ಒಳ್ಳೆ ಮಾತನ್ನೂ ತಗೋಬೇಕು, ಅದು ದೊಡ್ಡತನ. ನಮ್ಮ ಸೋದರಿಯವರ ಟ್ಯಾಂಕಿನ ಯೋಜನೆ ನಂಗೆ ತುಂಬಾ ಹಿಡಿಸ್ತು. ಮುಂದಿನ ಭಾನುವಾರದಿಂದಲೇ ಮೇಷ್ಟ್ರು ಟ್ಯಾಂಕಿಗೆ ಇಳೀತಾರೆ. ಪ್ರತಿ ಭಾನುವಾರ!"

ಮೇಷ್ಟ್ರ ಜೀವನದ ಎರಡನೆಯ ಚಪ್ಪಾಳೆ ಬಿತ್ತು, ಮೊದಲನೆಯದಕ್ಕಿಂತ ಜೋರಾಗಿ.

ಮೆಟ್ಟಿಲು ಹತ್ತುವಾಗ ಹೆಂಡತಿ ಅವರ ಕೈ ಬಿಡಲಿಲ್ಲ. "ಹೋಗ್ಲಿ ಬಿಡಿ, ಬೇಜಾರು ಮಾಡ್ಕೋಬೇಡಿ. ಡಿಪೋ ಸಾಹೇಬರಿಗೆ ಹಾಕಿದ ಹನ್ನೆರಡರಲ್ಲಿ ಯಾರ್ಯಾರು ಅಂತ ನಂಗೊತ್ತು, ಅವರನ್ನ ಆಮೇಲೆ ನೋಡ್ಕೋತೀನಿ. ಒಬ್ಬರದ್ದು ಮಾತ್ರ ಲೆಕ್ಕ ಸಿಗ್ತಿಲ್ಲ. ಭಾನುವಾರ ನಾನೂ ಬರ್ತೀನಿ ಮಾಳಿಗೆಗೆ, ಮೇಲೆ ಕೂತು ಎಲ್ಲಿ ಪಾಚಿ ಇದೆ ಅಂತ ತೋರಿಸ್ತೀನಿ," ಎಂದಳು.

ಮೆಟ್ಟಿಲ ತಿರುವಿನ ದೀಪದ ಕೆಳಗೆ ಮೇಷ್ಟ್ರು ತಮ್ಮ ಬೆರಳನ್ನು ಕದ್ದು ನೋಡಿಕೊಂಡರು. ತೊಳೆಯದ ಹೈಪೋ ಕೊನೆಗೆ ಕೆಟ್ಟು, ಉಗುರಿನ ಬುಡದಲ್ಲಿ ಕಪ್ಪು ಈಗ ಮೆಲ್ಲಗೆ ಮೂಡುತ್ತಿತ್ತು. ಕೆಳಗೆ ಹೋಗಿ ತೋರಿಸಿದರೆ ಹೆಂಡತಿ ಅಧ್ಯಕ್ಷೆ, ಅವರು ಟ್ಯಾಂಕಿನೊಳಗೆ. ತೋರಿಸದಿದ್ದರೆ ಡಿಪೋ ಸಾಹೇಬರು ಅಧ್ಯಕ್ಷರು, ಆಗಲೂ ಅವರು ಟ್ಯಾಂಕಿನೊಳಗೆ.

"ಬೆರಳು ಇನ್ನೂ ಉರೀತಿದ್ಯೇನ್ರಿ?" ಹೆಂಡತಿ ಕೇಳಿದಳು.

"ಇಲ್ಲ," ಎಂದು ಮೇಷ್ಟ್ರು ಆ ಕೈಯನ್ನು ಜೇಬಿಗೆ ಹಾಕಿಕೊಂಡರು.