ನಮಸ್ಕಾರ ಮಾಡಿ ಒದೆಯೋ ಭಾವ

ನಮ್ಮ ಭಾವನಷ್ಟು ಮರ್ಯಾದೆಯಿಂದ ಒದೆಯೋ ಮನುಷ್ಯ ಇಡೀ ಬೆಂಗಳೂರಲ್ಲಿ ಸಿಗಲ್ಲ! ನಂಬಿಕೆ ಇಲ್ವಾ? ಚಾಮರಾಜಪೇಟೆಗೆ ಬನ್ನಿ, ತೋರಿಸ್ತೀನಿ.

ಭಾವ ಅಂದ್ರೆ ನಮ್ಮಕ್ಕನ ಗಂಡ. ರಿಟೈರ್ಡ್ ಗುಮಾಸ್ತ. ಜೀವಮಾನದಲ್ಲಿ ಬೀದಿನಾಯಿಗೂ ಕಾಲೆತ್ತಿದವರಲ್ಲ. ಅಂಥೋರು ಅಕ್ಕಂಗೆ ಲಕ್ವ ಹೊಡೆದ ಮೇಲೆ ಬಸವನಗುಡಿಯ ಕರಾಟೆ ಕ್ಲಾಸಿಗೆ ಸೇರ್ಕೊಂಡ್ರು. ಅದೂ ಎಂಥಾ ಪಾಠ ಅಂತೀರಿ? ಗಾಳೀಲಿ ಒಂದು ಸುತ್ತು ತಿರುಗಿ ಹಿಮ್ಮಡೀಲಿ ಹಲಗೆ ಒಡೆಯೋ ಕಿಕ್ಕು!

ಮನೇಲಿ ಆವಾಗ ನಗೋ ಪರಿಸ್ಥಿತಿ ಇರ್ಲಿಲ್ಲ. ಅಕ್ಕನ ಎಡಗೈ ಒದ್ದೆ ಟವೆಲ್ ಥರ ನೇತಾಡ್ತಿತ್ತು. ಚಿವುಟಿದ್ರೂ ಗೊತ್ತಾಗ್ತಿರ್ಲಿಲ್ಲ. ಒಂದ್ಸಲ ಬಿಸಿ ಕುಕ್ಕರಿಗೆ ಕೈ ತಾಗಿಸ್ಕೊಂಡೇ ನಿಂತಿದ್ಲು. ಚರ್ಮ ಸುಟ್ಟ ವಾಸನೆ ಬಂದ ಮೇಲೇನೇ ನಾವೂ ನೋಡಿದ್ದು. "ಈ ಕೈಲಿ ಬೇಗ ಕೆಲಸ ಮಾಡಿಸಿ, ತಡ ಆದ್ರೆ ಕೈ ಹೋದಂಗೇ" ಅಂದ್ರು ಡಾಕ್ಟ್ರು. ಒತ್ತೋಕೆ ರಬ್ಬರ್ ಬಾಲ್ ಕೊಟ್ರೆ ಅಕ್ಕ ಬಲಗೈಲಿ ಕಿಟಕಿಯಿಂದ ಆಚೆ ಎಸೆದ್ಲು. "ಸತ್ತಿರೋ ಕೈಗೆ ಆಟ ಆಡಿಸ್ತೀರಾ?"

ಇಂಥಾ ಟೈಮಲ್ಲಿ ಗಂಡ ಬಿಳಿ ಪೈಜಾಮ ಹಾಕ್ಕೊಂಡು ಹೊರಟ್ರೆ ಜನ ಸುಮ್ನಿರ್ತಾರಾ? ಪಕ್ಕದ ಮನೆಯಾಕೆ ನನ್ನನ್ನೇ ಹಿಡ್ಕೊಂಡು, "ಏನ್ರೀ, ಕಾಯಿಲೆ ಹೆಂಡ್ತೀನ ಒದೆಯೋದು ಕಲೀತಿದಾರಾ?" ಅಂದ್ರು.

ಒಂದಿನ ನಾನೂ ಕ್ಲಾಸಿಗೆ ಹೋಗಿ ನೋಡ್ದೆ. ಇಬ್ರು ಹಲಗೆ ಹಿಡಿದು ನಿಂತಿದ್ರು. ಭಾವ ಓಡಿ ಬಂದ್ರು. ಗಕ್ಕಂತ ನಿಂತ್ರು. ಹಲಗೆ ಮುಟ್ಟಿ ಕಣ್ಣಿಗೊತ್ಕೊಂಡ್ರು! ಕಾಲು ತಾಗೋಕೆ ಮುಂಚೇನೇ ಕ್ಷಮೆ. ಆಮೇಲೆ ಹಿಡಿದೋರಿಬ್ಬರಿಗೂ ಕೈ ಮುಗಿದ್ರು.

"ಅಂಕಲ್, ಮೊದಲು ಒದೀರಿ, ಪೂಜೆ ಆಮೇಲೆ!" ಮಾಸ್ಟರ್ ಕೂಗಿದ್ರು.

ಒದ್ರು. ಹಲಗೆ ಪಕ್ಕದ ಗಾಳಿಗೆ.

ಮನೇಲಿ ಪ್ರಾಕ್ಟೀಸ್ ಮಾಡೋಕೆ ಹಲಗೆ ಇರ್ಲಿಲ್ಲ. ಊಟಕ್ಕೆ ಕೂರೋ ಹಲಸಿನ ಮಣೆ ತಂದು ನನ್ನ ಕೈಗೆ ಕೊಟ್ರು. ಹಲಸಿನ ಮಣೇನ ಯಾರಾದ್ರೂ ಒದೀತಾರಾ ಸ್ವಾಮಿ! ಕಾಲ್ಬೆರಳು ಲಟಕ್ ಅಂತು. ಬಿದ್ದಲ್ಲಿಂದಾನೇ ಕೇಳಿದ್ರು, "ಮಣೆ ಹೆಂಗಿದೆ?"

"ಚೆನ್ನಾಗಿದೆ ಭಾವ."

"ಸದ್ಯ. ನಮ್ಮಮ್ಮ ಕೂರ್ತಿದ್ದಿದ್ದು."

ನಂಗೆ ರೇಗಿಹೋಯ್ತು. "ಅಕ್ಕನ ನೋಡ್ಕೊಳ್ಳೋದು ಬಿಟ್ಟು ಇದೇನು ಹುಚ್ಚು?" ಅಂದೆ.

ಭಾವ ಬೆರಳು ನೀವ್ಕೊಂಡು ಮೆತ್ತಗೆ ಅಂದ್ರು: "ನಿನಗೋಸ್ಕರ ಮಾಡು ಅಂದ್ರೆ ಅವಳು ಏನೂ ಮಾಡಲ್ಲ ಕಣಯ್ಯ. ನನಗೋಸ್ಕರ ಅಂದ್ರೆ ಮಾಡ್ತಾಳೆ. ಹಲಗೆ ಹಿಡಿಯೋಕೆ ಎರಡು ಕೈ ಬೇಕು."

ಬೆರಳು ವಾಸಿಯಾಗಿದ್ದೇ ಒಂದು ತೆಳು ಹಲಗೆ ತಂದ್ರು. ಪರೀಕ್ಷೆ ಇದೆ, ಹಿಡಿಯೋರಿಲ್ಲ ಅಂತ ಅಕ್ಕನ ಹತ್ರ ಗೋಗರೆದ್ರು. "ಈ ವಯಸ್ಸಲ್ಲಿ ಕುಣಿಯೋಕೆ ನಾಚಿಕೆ ಆಗಲ್ವಾ?" ಅಂತ ಬೈಕೊಂಡೇ ಅಕ್ಕ ಎದ್ದು ಬಂದ್ಲು. ಎಡಗೈ ಬೆರಳುಗಳನ್ನ ಭಾವಾನೇ ಒಂದೊಂದಾಗಿ ಹಲಗೆ ಅಂಚಿಗೆ ಮಡಚಿದ್ರು. ಜಾರಿ ಬಿತ್ತು. ಮತ್ತೆ ಮಡಚಿದ್ರು. ಮತ್ತೆ ಬಿತ್ತು. ದಿನಾ ಇದೇ. ಸದ್ದು ತಡೀಲಾರ್ದೆ ಕೆಳಗಡೆ ಬಾಡಿಗೆಯವರು ಜಗಳಕ್ಕೆ ಬಂದ್ರು, ಡಾಕ್ಟ್ರು ತಲೆ ಅಲ್ಲಾಡಿಸಿದ್ರು, ಹಲಗೆ ಬೀಳ್ತಾನೇ ಇತ್ತು.

ಹೋದ ವಾರ ನಾನು ಅಲ್ಲೇ ಇದ್ದೆ. ಭಾವ ಗೋಡೆ ಹತ್ರ ಕಾಲೆತ್ಕೊಂಡು ನಿಂತಿದ್ರು.

"ಬೇಗ ಒದೀರಿ, ಎಷ್ಟೊತ್ತು ಹಿಡ್ಕೊಳ್ಲಿ? ಕೈ ನೋಯ್ತಿದೆ" ಅಂದ್ಲು ಅಕ್ಕ.

ಭಾವ ಕಾಲಿಳಿಸಿದ್ರು. "ಯಾವ ಕೈ?"

"ಇದೇ. ಎಡಗೈ."

"ಜಾಸ್ತಿ ನೋಯ್ತಿದ್ಯಾ?"

"ಉರೀತಿದೆ ರೀ!"

ಭಾವ ಅಲ್ಲೇ ನೆಲದ ಮೇಲೆ ಕೂತು, ಮುಖ ಮುಚ್ಕೊಂಡು ಅತ್ರು. ಅಕ್ಕ ಹಲಗೆ ಬಿಡದೇನೇ ಬೈದ್ಲು.

"ಅಯ್ಯೋ, ನೋವು ನಂಗೆ, ಅಳೋದು ನೀವಾ?"