ಶೀನಣ್ಣನ ಸೀಟಿನಲ್ಲಿ ಕೂತದ್ದು

'ಆಗುವುದಿಲ್ಲ' ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಕೆಲವರಿಗೆ ಶಿಳ್ಳೆ ಹಾಕಲು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ, ನನಗೆ ಇದು ಬರುವುದಿಲ್ಲ. ಡೊಂಬಿವಲಿಯ ನಮ್ಮ ಸೊಸೈಟಿಯ ಸೆಕ್ರೆಟರಿ ನೀರಿನ ಟ್ಯಾಂಕ್ ತೊಳೆಸುವ ಉಸ್ತುವಾರಿ ನೀವೇ ನೋಡಿಕೊಳ್ಳಿ ಎಂದಾಗಲೂ 'ಆಯ್ತ್ರೀ' ಎಂದೆ. ಮೇಲಿನ ಮನೆಯವರು ಊರಿಗೆ ಹೋಗುವಾಗ ತಮ್ಮ ಮುಂಗೋಪಿ ಬೆಕ್ಕನ್ನು ಬಿಟ್ಟು ಹೋಗುತ್ತೇವೆ ಎಂದಾಗಲೂ 'ಆಯ್ತ್ರೀ' ಎಂದೆ. ಬೆಕ್ಕು ಬಂದ ಮರುದಿನದಿಂದಲೇ ನನ್ನ ಕುರ್ಚಿಯಲ್ಲಿ ಮಲಗತೊಡಗಿತು. ನಾನು ಸ್ಟೂಲಿಗೆ ಹೋದೆ. ಅವರು ಊರಿಂದ ಬಂದು ಎಷ್ಟೋ ಕಾಲವಾಯಿತು, ಬೆಕ್ಕು ಮಾತ್ರ ಇನ್ನೂ ನಮ್ಮಲ್ಲೇ ಇದೆ. ಅದನ್ನು ವಾಪಸು ಕೊಡುವುದು ಹೇಗೆ ಎಂದು ನನಗೆ ಗೊತ್ತಿಲ್ಲ.

ಇಂಥ ನನ್ನನ್ನು ಠಾಣೆ ಊರಿನ ವಾಗ್ಳೆ ಎಸ್ಟೇಟಿನ ನಮ್ಮ ಕಚೇರಿಯ ಸಾಹೇಬರು ಒಂದು ದಿನ ಕರೆದು, ಮುಂದಿನ ತಿಂಗಳಿಂದ ಕಳಂಬೋಲಿಯ ಗೋದಾಮನ್ನು ನೀನು ನೋಡಿಕೊ ಎಂದರು. ನಾನು 'ಆಯ್ತು ಸರ್' ಎಂದು ಹೊರಗೆ ಬಂದು, ಆಮೇಲೆ ಗೋಡೆಗೆ ಒರಗಿ ನಿಂತೆ. ಡೊಂಬಿವಲಿಯಿಂದ ಕಳಂಬೋಲಿಗೆ ಬಸ್ಸಿನಲ್ಲಿ ಹೋಗಿ, ಕಬ್ಬಿಣದ ಲಾರಿಗಳ ನಡುವೆ ಸಿಕ್ಕಿಕೊಂಡು ತಿರುಗಿ ಬರುವಷ್ಟರಲ್ಲಿ ಊರೆಲ್ಲ ಉಂಡು ಮಲಗಿರುತ್ತದೆ. ನನ್ನ ಚಿಂತೆ ನನ್ನ ಊಟದ್ದಲ್ಲ, ಅಪ್ಪನದು. ವಿಜಯಪುರದ ಕಡೆಯಿಂದ ಬಂದು ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಒಂದು ಖೋಲಿಯಲ್ಲಿ ಇದ್ದುಕೊಂಡು ಜೀವಮಾನವೆಲ್ಲ ಮೂಟೆ ಹೊತ್ತ ಅಪ್ಪನಿಗೆ ಈಗ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋಗಿವೆ. ಎಡಗೈಯಿಂದ ಉಣ್ಣಲು ಒಪ್ಪದ ಅವನಿಗೆ ಸಂಜೆಯ ಊಟವನ್ನು ನಾನೇ ತಿನ್ನಿಸಬೇಕು. ನನ್ನ ಹೆಂಡತಿ ಗಿರಿಜಾ ತುತ್ತು ಹಿಡಿದು ಹೋದರೆ, ಸೊಸೆಯ ಕೈಯಿಂದ ಹೇಗೆ ಉಣ್ಣಲಿ ಎಂದು ತಲೆ ತಗ್ಗಿಸಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಬೇರೆಯವರ ಮಾತು ದೂರವೇ ಉಳಿಯಿತು.

"ಆಗಂಗಿಲ್ಲ ಅಂತ ಒಂದ್ ಮಾತ್ ಅನ್ನಾಕ ನಿಮಗೇನಾಗಿತ್ರೀ?" ಎಂದಳು ಗಿರಿಜಾ. "ಹಿಂಗ ಎಲ್ಲಾದಕ್ಕೂ ಗೋಣ ಹಾಕ್ಕೋಂತ ಹೋದ್ರ ಮಾಂವಾರ್ ಉಪಾಸ ಸಾಯ್ತಾರ, ನೋಡ್ಕೋರಿ."

ಅವತ್ತೇ ನಾನು ಸುಧಾರಿಸಲು ನಿರ್ಧರಿಸಿದೆ. ಈಗ ಅದಕ್ಕೆ ಗುರುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಮೊಬೈಲಿನಲ್ಲಿ ಸಾಲಾಗಿ ನಿಂತಿರುತ್ತಾರೆ. ನನಗೆ ಸಿಕ್ಕಿದವನು ಕಪ್ಪು ಅಂಗಿ ತೊಟ್ಟು, ಕಣ್ಣು ಮಿಟುಕಿಸದೆ ಮಾತಾಡುವವನು. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎಂದ. ನೋಡಿದೆ. ಅಷ್ಟು ವರ್ಷ ನನ್ನತ್ತ ತಿರುಗಿಯೂ ನೋಡದಿದ್ದ ಟಿಕೆಟ್ ಚೆಕರ್ ಸೀದಾ ಬಂದು ನನ್ನ ಪಾಸ್ ಕೇಳಿದ. ಕೈಕುಲುಕುವಾಗ ಗಟ್ಟಿಯಾಗಿ ಹಿಡಿಯಿರಿ ಎಂದ. ಹಿಡಿದೆ. ನಮ್ಮ ಅಕೌಂಟೆಂಟ್ ಬೆರಳಿಗೆ ಮುಲಾಮು ಹಚ್ಚಿಕೊಂಡ. ಕೊನೆಗೆ ಒಂದು ದಿನ, "ಖಾಲಿ ಜಾಗ ಕಂಡರೆ ಯಾರನ್ನೂ ಕೇಳಬೇಡಿ, ಕುಳಿತುಬಿಡಿ. ಜಗತ್ತು ಕುಳಿತವನದು," ಎಂದ. ಅದನ್ನು ಕೇಳುವಾಗ ನಾನು ಬೆಳಗಿನ ಲೋಕಲ್ ರೈಲಿನಲ್ಲಿ ನಿಂತಿದ್ದೆ. ಎದುರಿಗೇ ಒಂದು ಖಾಲಿ ಜಾಗವಿತ್ತು. ಶೀನಣ್ಣನ ಜಾಗ.

ಲೋಕಲಿನಲ್ಲಿ ಓಡಾಡದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೊಂಬಿವಲಿಯಿಂದಲೇ ಹೊರಡುವ ಗಾಡಿಗಳಲ್ಲಿ ಬೋಗಿಗೊಂದು ಗುಂಪು ಇರುತ್ತದೆ. ಯಾರ ಜಾಗ ಯಾವುದು ಎಂಬುದು ಗಟ್ಟಿ. ಮೊದಲು ಹಾರಿ ಒಳಹೊಕ್ಕವನು ಮಿಕ್ಕವರ ಜಾಗದ ಮೇಲೆ ಕರವಸ್ತ್ರ ಹಾಸುತ್ತಾನೆ, ಅದನ್ನು ಸರಿಸುವ ಧೈರ್ಯ ಯಾರಿಗೂ ಇಲ್ಲ. ನಮ್ಮ ಗುಂಪಿನಲ್ಲಿ ನನ್ನದು ನಿಲ್ಲುವ ಜಾಗ, ಕಿಟಕಿಯ ಸೀಟು ಶೀನಣ್ಣನದು. ಅವರು ಉಡುಪಿ ಕಡೆಯವರು, ಠಾಣೆಯ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ದೊಡ್ಡ ದನಿ, ಎಡಗಾಲಿನ ಮೊಣಕಾಲು ನೋವು, ಯಾರು ಏನೇ ಕೇಳಲಿ ಒಂದು ಸಲಹೆ. ಹೋದ ಮಳೆಗಾಲದ ಕೊನೆಗೆ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಆಮೇಲೂ ಅವರ ಜಾಗದಲ್ಲಿ ಅವರದೇ ನೀಲಿ ಚೌಕಳಿಯ ಕರವಸ್ತ್ರ ಹಾಸಿರುತ್ತಿತ್ತು. ಮೂಗು ತುರಿಸಿಕೊಳ್ಳಲು ಕೈ ಎತ್ತಲಾಗದ ಆ ಗರ್ದಿಯಲ್ಲಿ ಒಂದು ಸೀಟು ಠಾಣೆಯವರೆಗೆ ಖಾಲಿಯೇ ಹೋಗುತ್ತಿತ್ತು, ಯಾರೂ ಯಾಕೆ ಎನ್ನುತ್ತಿರಲಿಲ್ಲ. ಎಂಥ ಪ್ರೀತಿ ಎಂದು ನನಗೆ ಕಣ್ಣು ತುಂಬಿ ಬಂದು, ದಿನಾ ಕರವಸ್ತ್ರ ತರುವವರು ಯಾರು ಎಂದು ಒಮ್ಮೆ ನಮ್ಮ ಗುಂಪಿನ ಯಾದವ್ ಅವರನ್ನು ಕೇಳಿದೆ. ಕುಲಕರ್ಣಿಯವರು ಇರಬೇಕು ಎಂದರು. ಸೋಲಾಪುರದ ಕುಲಕರ್ಣಿಯವರನ್ನು ಕೇಳಿದರೆ, "ಮತ್ತ ನೀವಲ್ಲೇನ್ರೀ?" ಎಂದು ನನ್ನನ್ನೇ ಕೇಳಿದರು. ಆ ವಿಷಯವನ್ನು ನಾವು ಮೂವರೂ ಅಲ್ಲಿಗೇ ಬಿಟ್ಟೆವು.

ಇರಲಿ. ಅವತ್ತು ಕಪ್ಪು ಅಂಗಿಯವನ ಮಾತು ಕಿವಿಯಲ್ಲಿರುವಾಗಲೇ ಕರವಸ್ತ್ರ ಎತ್ತಿ ಜೇಬಿಗೆ ಹಾಕಿಕೊಂಡು ಕೂತೆ. ಸೀಟು ಬೆಚ್ಚಗಿತ್ತು, ಈಗಷ್ಟೇ ಯಾರೋ ಎದ್ದು ಹೋದ ಹಾಗೆ. ಈಗ ಗುಂಪು ನನ್ನ ಮೇಲೆ ಬೀಳುತ್ತದೆ ಎಂದು ಭುಜ ಕುಗ್ಗಿಸಿಕೊಂಡೆ. ಯಾರೂ ತಲೆ ಎತ್ತಲಿಲ್ಲ. ಕುಲಕರ್ಣಿಯವರು ಪೇಪರ್ ಮಡಿಸುತ್ತ, "ಏನ್ ಶೀನಣ್ಣ, ಮೊಣಕಾಲ್ ಹ್ಯಾಂಗದ ಇವತ್ತ?" ಎಂದರು.

"ಎಂತ ಮಾರಾಯ್ರೇ, ಹಾಗೇ ಉಂಟು," ಎಂದಿತು ನನ್ನ ಬಾಯಿ.

ನಾನು ವಿಜಯಪುರದ ಕಡೆಯವನು. ನಮ್ಮ ಮನೆತನದಲ್ಲಿ 'ಮಾರಾಯ' ಎಂದವರು ಯಾರೂ ಇಲ್ಲ. ಬಾಯಿ ಮುಚ್ಚಿಕೊಳ್ಳಬೇಕೆಂದು ನೋಡಿದರೆ ಅದು ನನ್ನನ್ನು ಕೇಳದೆ ಮುಂದುವರಿಯಿತು. "ಅಶ್ವಿನಿಗೆ ನೋಡಿದ ಆ ಪನ್ವೇಲಿನ ಹುಡುಗ ಬೇಡ. ತಾಯಿಯನ್ನು ಕೇಳಿ ಉತ್ತರ ಹೇಳುವವನು ನಾಳೆ ತಾಯಿಯನ್ನು ಕೇಳಿಯೇ ಸಂಸಾರ ಮಾಡುವುದು," ಎಂದೆ. ಕುಲಕರ್ಣಿಯವರು ಹೌದೌದು ಎಂದು ತಲೆಯಾಡಿಸಿದರು. ಅವರಿಗೆ ಅಶ್ವಿನಿ ಎಂಬ ಮಗಳಿದ್ದಾಳೆ ಎಂಬುದು ನನಗೆ ಗೊತ್ತಾದದ್ದೇ ನಾನು ಹೇಳಿದ ಮೇಲೆ. ಗಾಡಿ ಕಳವಾ ದಾಟಿ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಸೇತುವೆಗೆ ಬಂತು. ಶೀನಣ್ಣ ಅಲ್ಲಿ ನೀರಿಗೆ ಕೈಮುಗಿಯುವವರು. ನನ್ನ ಎರಡೂ ಕೈ ತಾವಾಗಿ ಮೇಲೆದ್ದವು. ಠಾಣೆಯಲ್ಲಿ ಇಳಿಯುವಾಗ ಎಡ ಮೊಣಕಾಲು ಚುಳುಕ್ ಎಂದಿತು. ಪ್ಲಾಟ್‌ಫಾರಂ ಮೇಲೆ ನನ್ನ ಆಫೀಸಿನ ಗುರುತುಚೀಟಿಯ ಫೋಟೋವನ್ನು ಎರಡೆರಡು ಸಲ ನೋಡಿಕೊಂಡೆ. ಫೋಟೋದಲ್ಲಿ ಇದ್ದವನು ನಾನೇ.

ಆದರೆ ಅದೇ ದಿನ ಸಾಹೇಬರು ಕರೆದು, ಸೋಮವಾರದಿಂದ ಕಳಂಬೋಲಿ ತಾನೆ ಎಂದಾಗ, ನನ್ನ ಎದೆಯ ತಳದಿಂದ ಒಂದು ದೊಡ್ಡ ದನಿ ಎದ್ದು ಬಂತು. "ನಹೀ ಹೋಗಾ ಸಾಬ್. ದೂಸ್ರಾ ಆದ್ಮಿ ದೇಖೋ." ಸಾಹೇಬರು ನನ್ನನ್ನು ನೋಡಲಿಲ್ಲ, ನನ್ನ ಬೆನ್ನ ಹಿಂದೆ ನೋಡಿದರು. ಅಲ್ಲಿ ಬರೀ ಗೋಡೆ ಇತ್ತು. ಆಮೇಲೆ ಬಹಳ ಮೆಲ್ಲಗೆ, ಆಯಿತು, ಬೇರೆಯವರನ್ನು ನೋಡೋಣ ಎಂದರು. ನನಗಾದ ಸಂತೋಷಕ್ಕೆ ಪಾರವೇ ಇರಲಿಲ್ಲ. ಕಚೇರಿಯ ಕ್ಯಾಂಟೀನಿನಲ್ಲಿ ಮೂರು ಜನಕ್ಕೆ, ಕೇಳದಿದ್ದರೂ, ಸಲಹೆ ಕೊಟ್ಟು ಮನೆಗೆ ಬಂದೆ. ಬೆಕ್ಕು ನನ್ನನ್ನು ನೋಡಿದ್ದೇ ಕುರ್ಚಿ ಬಿಟ್ಟು ಕಪಾಟಿನ ಮೇಲೇರಿತು.

"ಬಾಳ ಛಲೋ ಆತ್ ಬಿಡ್ರಿ!" ಎಂದು ಗಿರಿಜಾ ಹಿಗ್ಗಿದಳು. "ಊಟ ಎಂತ ಉಂಟು?" ಎಂದೆ. ಅವಳು ತಮಾಷೆಗೆ ಅಂದೆನೆಂದು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ನಗು ಮಾತ್ರ ನನ್ನದಾಗಿರಲಿಲ್ಲ. ಹಾಲಿನಲ್ಲಿ ನೆನೆಸಿದ ರೊಟ್ಟಿಯ ಬಟ್ಟಲು ತೆಗೆದುಕೊಂಡು ಅಪ್ಪನ ಮಂಚದ ಬಳಿ ಕೂತು ತುತ್ತು ಹಿಡಿದೆ. ಅಪ್ಪ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಎಡಗೈಯಿಂದ ಧೋತರ ಸರಿಮಾಡಿಕೊಂಡು, "ನೀವ್ ಯಾರಂತ ಗೊತ್ತಾಗಲಿಲ್ರೀ," ಎಂದ. "ನಮ್ಮ ಹುಡುಗನ ಕೂಡ ಕೆಲಸಕ್ಕಿರವ್ರೇನು? ಕುಂದರ್ರಿ. ಅವ ಈಗ ಬರ್ತಾನ."

ಗಿರಿಜಾಳ ನಗು ನಿಂತಿತು. ನಾನೇ ಎಂದು ಹೇಳಲು ಹೋದರೆ ಹೊರಗೆ ಬಂದದ್ದು, "ಹೆದರುವುದೆಂತದಕ್ಕೆ, ಊಟ ಮಾಡಿ," ಎಂಬ ಮಾತು. ಅಪ್ಪನ ಕಣ್ಣು, ಕಿವಿ, ಬುದ್ಧಿ ಎಲ್ಲ ನೆಟ್ಟಗಿವೆ. ಬೆಕ್ಕನ್ನು ಹೆಸರು ಹಿಡಿದು ಬೈಯುತ್ತಾನೆ. ಆದರೂ, ವಯಸ್ಸಾಯಿತಲ್ಲ, ಮರೆವಿರಬೇಕು ಎಂದು ಗಿರಿಜಾಳಿಗೆ ನಾನೇ ಸಮಾಧಾನ ಹೇಳಿದೆ. ಮರುದಿನವೂ ಆ ಸೀಟಿನಲ್ಲೇ ಕೂತೆ. ಅದರ ಮರುದಿನವೂ ಕೂತೆ. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು. ಸೆಕ್ರೆಟರಿ ಟ್ಯಾಂಕನ್ನು ತಾನೇ ತೊಳೆಸಿಕೊಂಡ. ಲಿಫ್ಟಿನಲ್ಲಿ ಜನ ನನಗೆ ಜಾಗ ಬಿಟ್ಟರು. ಅಪ್ಪ ಮಾತ್ರ ದಿನಾ ಸಂಜೆ ನನ್ನನ್ನು ಮರ್ಯಾದೆಯಿಂದ ಕೂರಿಸಿಕೊಂಡು, ಮಗ ಬರಲಿ ಎಂದು ಬಾಗಿಲು ನೋಡುತ್ತ ಉಪವಾಸ ಮಲಗಿದ. ಗಿರಿಜಾ ಬಲವಂತದಿಂದ ಕುಡಿಸಿದ ಹಾಲಷ್ಟೇ ಅವನ ಹೊಟ್ಟೆಗೆ ಹೋಗುತ್ತಿತ್ತು.

ಕೊನೆಗೊಂದು ಸಂಜೆ ಅವನೇ ಮಾತು ತೆಗೆದ. "ತಪ್ಪ್ ತಿಳೀಬ್ಯಾಡ್ರಿ. ನೀವು ದೊಡ್ಡಾವ್ರು, ಧೈರ್ಯವಂತ್ರು. ನಮ್ಮ ಹುಡುಗ ಹಂಗಲ್ಲ, ಬಾಳ ಮೆತ್ತಗ. ಯಾರಿಗೂ ಇಲ್ಲ ಅನ್ನಂಗಿಲ್ಲ. ನನಗ ಈ ಗತಿ ಬಂದಾಗೂ ಅವ ಇಲ್ಲ ಅನ್ನಲಿಲ್ಲ ನೋಡ್ರಿ. ಅವನ ಕೈ ತುತ್ತಽ ಇಳಿತೈತಿ ನನಗ."

ನನಗೆ ಅಳು ಬಂತು. ಅಷ್ಟು ದಿನಗಳಲ್ಲಿ ನನ್ನದೇ ಆಗಿ ಬಂದದ್ದು ಅದೊಂದೇ. ಮರುದಿನ ಬೆಳಿಗ್ಗೆ ಕರವಸ್ತ್ರವನ್ನು ಮರಳಿ ಹಾಸೋಣವೆಂದು ಜೇಬಿಗೆ ಕೈ ಹಾಕಿದರೆ ಅದು ಇರಲಿಲ್ಲ, ಆಗಲೇ ಸೀಟಿನ ಮೇಲಿತ್ತು. ನಾನು ಬಾಗಿಲ ಬಳಿ ಯಾರದೋ ಮೊಣಕೈ ಕೆಳಗೆ ನಿಂತೆ. ಕುಲಕರ್ಣಿಯವರು ಕಿಟಕಿಯ ಕಡೆ ತಿರುಗಿ ಏನೋ ಹೇಳಿದರು, ಕಿವಿಗೊಟ್ಟರು, ಆಮೇಲೆ ತಲೆಯಾಡಿಸಿ ನಕ್ಕರು. ಸಂಜೆ ಮಂಚದ ಬಳಿ ಕೂತು, "ಯಪ್ಪಾ, ನಾ," ಎಂದೆ. ಅಪ್ಪ ನನ್ನ ಮುಖ ನೋಡಿದ. "ಎಲ್ಲಿ ಹಾಳಾಗಿ ಹೋಗಿದ್ದ್ಯೋ ಇಷ್ಟ್ ದಿನ?" ಎಂದು ಬೈದು ಬಾಯಿ ತೆರೆದ. ಬಟ್ಟಲು ಖಾಲಿ ಮಾಡಿ ಮತ್ತೊಂದು ರೊಟ್ಟಿ ಕೇಳಿದ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನೂ ತಿಳಿದಿದ್ದೆ. ಆದರೆ ನಿನ್ನೆ ಸಾಹೇಬರು ಕರೆದು, ನಿನ್ನಲ್ಲಾದ ಬದಲಾವಣೆ ನೋಡಿ ಬಹಳ ಖುಷಿಯಾಗಿದೆ, ಸೋಮವಾರ ನಮ್ಮ ಸಿಬ್ಬಂದಿಗೆಲ್ಲ ಆತ್ಮವಿಶ್ವಾಸದ ಬಗ್ಗೆ ನೀನೇ ಒಂದು ಭಾಷಣ ಮಾಡಬೇಕು ಎಂದರು. ನಾನು 'ಆಯ್ತು ಸರ್' ಎಂದೆ. ಇದ್ದ ಹಾಗೆ ಹೋದರೆ ವೇದಿಕೆಯ ಮೇಲೆ ನನ್ನ ಬಾಯಿಂದ ಒಂದು ಅಕ್ಷರವೂ ಹೊರಡುವುದಿಲ್ಲ, ಅದು ಖಾತ್ರಿ. ಕಿಟಕಿಯ ಸೀಟಿನಲ್ಲಿ ಕೂತು ಹೋದರೆ ಭಾಷಣ ಭರ್ಜರಿಯಾಗುತ್ತದೆ, ಅದೂ ಖಾತ್ರಿ. ಅವತ್ತು ಸಂಜೆ ಅಪ್ಪನಿಗೆ ಉಣಿಸಲು ಮನೆಗೆ ಯಾರು ಬರುತ್ತಾರೆ ಎಂಬುದೊಂದೇ ನನಗೆ ಗೊತ್ತಾಗುತ್ತಿಲ್ಲ.