ಗೋಡೆಗೆ ಬಂದ ರೋಮನ್ ಗೋರಿ

ಯಾರಾದರೂ ಏನಾದರೂ ಕೇಳಿದಾಗ ‘ಗೊತ್ತಿಲ್ಲ’ ಎನ್ನುವುದಕ್ಕೆ ದೊಡ್ಡ ಮನಸ್ಸು ಬೇಕು. ನನಗೆ ಅದಿಲ್ಲ. ನಾವಿರುವ ಪಿಸ್ಕಾಟವೇ ಊರಿನಲ್ಲಿ ನಮ್ಮ ಪಕ್ಕದ ಮನೆಯ ಇಟಾಲಿಯನ್ ಅಜ್ಜಿ ಮನೆ ಮಾರಿ ಫ್ಲಾರಿಡಾಕ್ಕೆ ಹೋಗುವಾಗ ಒಂದು ಹಳೆಯ ಚಿತ್ರ ಕೊಟ್ಟುಹೋದರು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ್ದಂತೆ. ದುಂಡನೆಯ ಕಲ್ಲುಕಟ್ಟಡ, ಅದರ ನೆತ್ತಿಯ ಮೇಲೆ ಗಿಡಗಂಟಿ, ಬುಡದಲ್ಲಿ ಇರುವೆಯಷ್ಟು ಜನ, ಅವರ ಕೆಳಗೆ ನನಗೆ ಬಾರದ ಲ್ಯಾಟಿನ್. ಎಂಥ ನವುರಾದ ಗೆರೆಗಳು ಅಂತೀರಿ! ನೋಡಿದ್ದೇ ಮನಸೋತೆ, ಲಿವಿಂಗ್ ರೂಮಿನಲ್ಲಿ ತೂಗುಹಾಕಿದೆ. ಇದೇನು ಎಂದು ಹೆಂಡತಿ ಸುಮಾ ಕೇಳಿದಳು. ರೋಮಿನ ಹಳೇ ದೇವಸ್ಥಾನ ಎಂದುಬಿಟ್ಟೆ. ಮರುದಿನವೇ ಗಾಜಿನ ಮೇಲೆ ಕುಂಕುಮ ಬಿತ್ತು. ಯಾವ ದೇಶದವನಾದರೇನು, ದೇವರು ದೇವರೇ ಎಂಬುದು ಅವಳ ವಾದ.

ಸತ್ಯನಾರಾಯಣ ಪೂಜೆಯ ದಿನ ಚಿತ್ರ ಮಂಟಪದ ಪಕ್ಕಕ್ಕೇ ಬಂತು. ಪಕ್ಕದ ರಾಜ್ಯದ ಜೆರಿಕೋ ಊರಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಸುಮಾಳ ಅಣ್ಣ ಅದಕ್ಕೂ ಕೈಮುಗಿದು, ಇಲ್ಲಿ ನಿಂತರೆ ಏನೋ ವೈಬ್ರೇಶನ್ ಇದೆ ಎಂದರು. ನಮ್ಮ ಮಗಳು ಸುಮ್ಮನಿರಬಾರದೇ? ಫೋನು ಹಿಡಿದು ಲ್ಯಾಟಿನ್ ಓದಿಸಿದಳು.

“ಅಪ್ಪಾ, ಇಟ್ಸ್ ಎ ಟೂಮ್. ದೇರ್ ವಾಸ್ ಎ ಡೆಡ್ ಗೈ ಇನ್ ದೇರ್.”

ಗೋರಿ! ಪ್ರಸಾದದ ಸಜ್ಜಿಗೆಯ ತಟ್ಟೆಯನ್ನು ನಾನು ಮೆಲ್ಲಗೆ ಕೆಳಗಿಟ್ಟೆ.

ಬಂದವರೆಲ್ಲ ಹೋದ ಮೇಲೆ ಸುಮಾ ಚಿತ್ರವನ್ನು ಕಸದ ಜೊತೆ ಬೀದಿಬದಿಗೆ ಇಡಲು ಹೊರಟಳು. ಅಡ್ಡ ನಿಂತು, ಅವನು ಸತ್ತು ಎರಡು ಸಾವಿರ ವರ್ಷವಾಗಿದೆ, ಸೂತಕ ಎಂದೋ ಕಳೆದಿದೆ ಮಾರಾಯ್ತಿ ಎಂದು ಗೋಗರೆದೆ. ಕೊನೆಗೆ ಬೇಸ್‌ಮೆಂಟಿನಲ್ಲಿ, ನಾನು ಕೂತು ಆಫೀಸಿನ ಕೆಲಸ ಮಾಡುವ ಮೇಜಿನೆದುರು ಹಾಕಿಕೊಳ್ಳಲು ಅಪ್ಪಣೆಯಾಯಿತು, ಒಂದು ಷರತ್ತಿನೊಂದಿಗೆ.

“ಸ್ಮಶಾನಕ್ಕೆ ಹೋಗಿ ಬಂದೋರು ಸ್ನಾನ ಮಾಡ್ದೆ ಒಳಗೆ ಬರ್ತಾರೇನ್ರೀ? ನೀವೂ ಅಷ್ಟೆ. ತಲೆಗೆ ಸ್ನಾನ ಮಾಡ್ಕೊಂಡು ಅಡುಗೆಮನೆಗೆ ಬನ್ನಿ.”

ಒಂದು ಲೋಟ ಕಾಫಿಗೆ ಒಂದು ತಲೆಸ್ನಾನ! ಹಟಕ್ಕೆ ಬಿದ್ದು ಎರಡು ದಿನ ಮಾಡಿದೆ. ನೆಗಡಿ ಹಿಡಿಯಿತು. ವಿಡಿಯೋ ಮೀಟಿಂಗಿನಲ್ಲಿ ನನ್ನ ಒದ್ದೆ ತಲೆ ನೋಡಿ ಮ್ಯಾನೇಜರ್ ನಿಮ್ಮ ಮನೆಯಲ್ಲಿ ಈಜುಕೊಳವಿದೆಯೇ ಎಂದು ಕೇಳಿದ. ಈಗ ಸಂಜೆಯವರೆಗೆ ಮೇಲೆ ಹೋಗುವುದನ್ನೇ ಬಿಟ್ಟಿದ್ದೇನೆ. ಸುಮಾ ಕಲ್ಲೆದೆಯವಳೇನಲ್ಲ. ಮಧ್ಯಾಹ್ನ ಅನ್ನ ಕಲಸಿ, ಒಂದಿಷ್ಟು ತುಪ್ಪ ಬಿಟ್ಟು, ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಒಮ್ಮೆ ಕೂಗುತ್ತಾಳೆ. ಆಮೇಲೆ ತಿರುಗಿ ನೋಡದೆ ಹೊರಟುಹೋಗುತ್ತಾಳೆ. ಬೇಸ್‌ಮೆಂಟಿಗೆ ಕಾಗೆ ಬರುವುದಿಲ್ಲವಾದ್ದರಿಂದ ನಾನೇ ಹೋಗಿ ತಿನ್ನುತ್ತೇನೆ.